ಇಪ್ಪತ್ತೆಂಟು ಅಂದರೆ ಯಾರು? ನೆಟ್, ಕೆ-ಸೆಟ್ ಮೊದಲ ಪತ್ರಿಕೆ, ಹತ್ತನೇ ಘಟಕದ ಟಿಪ್ಪಣಿ

ಕಳೆದ ಭಾನುವಾರ ಮಡಿಕೇರಿಯಲ್ಲಿ ನಾವು ಐದು ಜನ ಕೂತು, ಕಾಲೇಜು ಉಪನ್ಯಾಸಕರಾಗಲು ಬರೆಯುವ ನೆಟ್, ಕೆ-ಸೆಟ್ ಅರ್ಹತಾ ಪರೀಕ್ಷೆಗಳಿಗಾಗಿ ಉನ್ನತ ಶಿಕ್ಷಣದ ಘಟಕ ಓದಿದೆವು. ಆಯೋಗಗಳ ಹೆಸರು, ಇಸವಿ ಎಲ್ಲರಿಗೂ ಬಾಯಿಪಾಠ. ಆಗ ಒಬ್ಬಳು ಕೇಳಿದಳು: "ಒಟ್ಟು ದಾಖಲಾತಿ ಅನುಪಾತ 28.4 ಅಂದರೆ ನೂರು ಜನರಲ್ಲಿ 28 ಜನ ಡಿಗ್ರಿ ಮುಗಿಸಿದ್ದಾರೆ ಅಂತ ಅಲ್ವಾ?" ಮೂವರು ತಲೆ ಆಡಿಸಿದರು. ನಾನೂ ಆಡಿಸಿದೆ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದರೆ, ತಪ್ಪು. ಈ ಟಿಪ್ಪಣಿ ಆ ತಪ್ಪಿನಿಂದ ಹುಟ್ಟಿದ್ದು.

ಮೊದಲು ಇಸವಿಗಳನ್ನು ಒಂದೇ ಉಸಿರಿನಲ್ಲಿ ಮುಗಿಸೋಣ. ರಾಧಾಕೃಷ್ಣನ್ ಆಯೋಗ 1948-49. ವಿಶ್ವವಿದ್ಯಾಲಯಗಳಿಗೆ ಅನುದಾನ ಕೊಡುವ, ನಿಯಮ ಮಾಡುವ ಯುಜಿಸಿ ಶುರುವಾಗಿದ್ದು 1953, ಕಾಯ್ದೆ ಬಂದದ್ದು 1956. ಕೊಠಾರಿ ಆಯೋಗ 1964-66. ರಾಷ್ಟ್ರೀಯ ಶಿಕ್ಷಣ ನೀತಿಗಳು 1968, 1986, ಆಮೇಲೆ 2020ರ ಜುಲೈ 29. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ 1994. ರಾಜ್ಯದ ಕಾಲೇಜುಗಳಿಗೆ ಕೇಂದ್ರ ಹಣ ಕೊಡುವ ರೂಸಾ 2013, ಅದೇ 2023ರಲ್ಲಿ ಪಿಎಂ-ಉಷಾ ಆಯಿತು. ಇವುಗಳ ನಡುವೆ 1976 ಮರೆಯಬೇಡಿ. 42ನೇ ತಿದ್ದುಪಡಿಯಲ್ಲಿ ಶಿಕ್ಷಣ ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಗೆ ಹೋಯಿತು. ದೆಹಲಿ ಒಂದು ನೀತಿ ಮಾಡಿದರೆ ಬೆಂಗಳೂರು ಇನ್ನೊಂದು ಹೇಳುವುದು ಯಾಕೆ ಅನ್ನುವುದಕ್ಕೆ ಉತ್ತರ ಅಲ್ಲಿದೆ.

ಈಗ ಲೆಕ್ಕಕ್ಕೆ ಬರೋಣ.

ಒಟ್ಟು ದಾಖಲಾತಿ ಅನುಪಾತ ಅಂದರೆ, ಈ ವರ್ಷ ಉನ್ನತ ಶಿಕ್ಷಣದ ಹಾಜರಿ ಪುಸ್ತಕದಲ್ಲಿ ಹೆಸರಿರುವ ಎಲ್ಲರನ್ನೂ ಎಣಿಸಿ, 18ರಿಂದ 23 ವಯಸ್ಸಿನ ಜನಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸುವುದು. ಹಾಜರಿ ಪುಸ್ತಕದ ಹೆಸರುಗಳನ್ನು ಎಣಿಸುವಾಗ ವಯಸ್ಸಿನ ಮಿತಿ ಇಲ್ಲ. ಮೂವತ್ತು ದಾಟಿ ಎಂ.ಎ. ಓದುವವರೂ ಸೇರುತ್ತಾರೆ. "ಒಟ್ಟು" ಅನ್ನುವ ಪದ ಅದಕ್ಕೇ. ಪರೀಕ್ಷೆಯಲ್ಲಿ ಇಲ್ಲೇ ಕಾಲು ಜಾರುವುದು. ಇನ್ನೊಂದು ನಮ್ಮ ಕಡೆಯದೇ ಗೊಂದಲ: ಪಿಯುಸಿಗೂ ನಾವು "ಕಾಲೇಜು" ಅಂತಲೇ ಹೇಳುತ್ತೇವೆ. ಈ ಲೆಕ್ಕದಲ್ಲಿ ಪಿಯುಸಿ ಬರುವುದಿಲ್ಲ.

ಸುಮ್ನೆ ಒಂದು ಊರು ಊಹಿಸಿಕೊಳ್ಳಿ, ಪೊನ್ನಂಪೇಟೆ ಕಡೆ ಎಲ್ಲೋ ಇರಲಿ. 18, 19, 20, 21, 22, 23, ಪ್ರತಿ ವಯಸ್ಸಿಗೆ ಹತ್ತು ಜನ. ಒಟ್ಟು 60. ಹತ್ತರಲ್ಲಿ ಐದು ಜನ ಡಿಗ್ರಿಗೆ ಸೇರುತ್ತಾರೆ, ಮೂರೂ ವರ್ಷ ಓದಿ ಹೊರಗೆ ಬರುತ್ತಾರೆ ಅನ್ನಿ. ಯಾವುದೇ ಒಂದು ದಿನ ಹೋಗಿ ಎಣಿಸಿದರೆ ಕಾಲೇಜಿನಲ್ಲಿ 15 ಜನ ಇರುತ್ತಾರೆ. 60ಕ್ಕೆ 15, ಅಂದರೆ 25. ನೋಡಿ, ಅರ್ಧ ಊರು ಪದವೀಧರರಾದರೂ ಅನುಪಾತ ಬರೀ 25.

ಈಗ ಡಿಗ್ರಿಯನ್ನು ನಾಲ್ಕು ವರ್ಷ ಮಾಡಿ. ಅದೇ ಐದು ಜನ, ಹೊಸಬರು ಒಬ್ಬರೂ ಇಲ್ಲ. ಕಾಲೇಜಿನಲ್ಲಿ 20 ಜನ. ಅನುಪಾತ 33ಕ್ಕೆ ಹಾರಿತು! ಇನ್ನೂ ತಮಾಷೆ ಬೇಕಾ? ಮೂರು ವರ್ಷದ ಡಿಗ್ರಿಯೇ ಇರಲಿ, ಐದರಲ್ಲಿ ಇಬ್ಬರು ಒಂದು ವರ್ಷ ಡುಮ್ಕಿ ಹೊಡೆದು ಮತ್ತೆ ಅದೇ ತರಗತಿಯಲ್ಲಿ ಕೂರಲಿ. 17 ಜನ, ಅಂದರೆ 28. ಫೇಲಾದರೆ ಅನುಪಾತ ಏರುತ್ತದೆ. ಇಬ್ಬರು ಮೊದಲ ವರ್ಷಕ್ಕೇ ಬಿಟ್ಟು ಹೋದರೆ 5, 3, 3, ಒಟ್ಟು 11. ಅನುಪಾತ 18.

ಇಷ್ಟು ಅರ್ಥವಾದ ಮೇಲೆ ಅಂಕಿಗಳನ್ನು ಓದಿ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ, 2021-22: ದೇಶದಲ್ಲಿ ಸುಮಾರು 4.33 ಕೋಟಿ ವಿದ್ಯಾರ್ಥಿಗಳು, ಅನುಪಾತ 28.4. ಹೆಣ್ಣುಮಕ್ಕಳದು 28.5. ಪರಿಶಿಷ್ಟ ಪಂಗಡದ್ದು 21.2. 2020ರ ನೀತಿ ಇಟ್ಟುಕೊಂಡ ಗುರಿ, ವೃತ್ತಿ ಶಿಕ್ಷಣವನ್ನೂ ಸೇರಿಸಿ, 2018ರ 26.3ರಿಂದ 2035ಕ್ಕೆ 50. ಅದೇ ನೀತಿ ನಾಲ್ಕು ವರ್ಷದ ಡಿಗ್ರಿಯನ್ನೂ ತಂದಿತು. ಅಂಕಿ ಏರಿಸಲಿಕ್ಕೇ ತಂದರು ಅಂತ ನಾನು ಹೇಳುತ್ತಿಲ್ಲ. ಆದರೆ ಗುರಿ ಮುಟ್ಟಿದೆವು ಅಂತ ಯಾರಾದರೂ ಹೇಳಿದಾಗ, ಹೊಸಬರು ಎಷ್ಟು ಜನ ಸೇರಿದರು, ಸೇರಿದವರಲ್ಲಿ ಎಷ್ಟು ಜನ ಮುಗಿಸಿದರು ಅಂತ ಬೇರೆ ಬೇರೆಯಾಗಿ ಕೇಳಬೇಕು.

ಹತ್ತಿರದ ಕಾಲೇಜು

ಲಕ್ಷ ಯುವಕರಿಗೆ ಎಷ್ಟು ಕಾಲೇಜು ಅನ್ನುವ ಲೆಕ್ಕದಲ್ಲಿ ಕರ್ನಾಟಕ ದೇಶದಲ್ಲೇ ಮುಂದೆ. ದೇಶದ ಸರಾಸರಿ 30ರ ಆಸುಪಾಸು, ನಮ್ಮದು 60ಕ್ಕೂ ಮೇಲೆ. ಆದರೆ ಸರಾಸರಿಗೆ ಬೆಟ್ಟ ಗುಡ್ಡ ಗೊತ್ತಿಲ್ಲ. ಕೊಡಗಿನಲ್ಲಿ ರೈಲು ಇಲ್ಲ. ಒಳಗಿನ ಊರುಗಳಿಗೆ ಎಷ್ಟೋ ಕಡೆ ಖಾಸಗಿ ಬಸ್ಸೇ ಗತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ ಇಲ್ಲ, ಒಳ್ಳೆಯದೇ. ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ.

2020ರ ನೀತಿ ಇಲ್ಲಿ ಎರಡು ಮಾತು ಹೇಳುತ್ತದೆ. ಒಂದು, 2030ರ ಹೊತ್ತಿಗೆ ಪ್ರತಿ ಜಿಲ್ಲೆಯಲ್ಲಿ ಅಥವಾ ಅದರ ಹತ್ತಿರ ಕನಿಷ್ಠ ಒಂದು ದೊಡ್ಡ ಬಹುಶಿಸ್ತೀಯ, ಅಂದರೆ ಹಲವು ವಿಷಯಗಳನ್ನು ಒಟ್ಟಿಗೆ ಕಲಿಸುವ ಸಂಸ್ಥೆ ಇರಬೇಕು. ಇನ್ನೊಂದು, 2040ರ ಹೊತ್ತಿಗೆ ಸಂಸ್ಥೆಗಳು ಬಹುಶಿಸ್ತೀಯವಾಗಬೇಕು, ಒಂದೊಂದರಲ್ಲೂ ಮೂರು ಸಾವಿರ ಅಥವಾ ಹೆಚ್ಚು ವಿದ್ಯಾರ್ಥಿಗಳಿರಬೇಕು. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆಯೇ 5,54,519. ಹೋಬಳಿಯ ಸಣ್ಣ ಕಾಲೇಜಿಗೆ ಮೂರು ಸಾವಿರ ಎಲ್ಲಿಂದ ತರುವುದು? ದೊಡ್ಡದಾದರೆ ವಿಷಯ ಜಾಸ್ತಿ, ಮೇಷ್ಟ್ರು ಜಾಸ್ತಿ, ನಿಜ. ಹತ್ತಿರ ಇದ್ದರೆ ಮನೆಯಿಂದ ಬರುವವರು ಜಾಸ್ತಿ, ಅದೂ ನಿಜ. ಸಂಖ್ಯೆ ಕಡಿಮೆ ಅಂತ ಸಣ್ಣ ಕಾಲೇಜು ಮುಚ್ಚಿದರೆ ಮೊದಲು ನಿಲ್ಲುವುದು ಹುಡುಗಿಯರು ಅಂತ ನನ್ನ ಅನಿಸಿಕೆ. ಈ ಜಗ್ಗಾಟವನ್ನು ನೆನಪಿಡಿ.

ನಮ್ಮ ವಿಶ್ವವಿದ್ಯಾಲಯದ ಕಥೆಯೂ ಇದೇ. 1980ರಿಂದ ಕೊಡಗು ಮಂಗಳೂರು ವಿಶ್ವವಿದ್ಯಾಲಯದ ಕೆಳಗಿತ್ತು. ಆಮೇಲೆ ಚಿಕ್ಕಅಳುವಾರದ ಜ್ಞಾನಕಾವೇರಿ ಆವರಣದಲ್ಲಿ ಕೊಡಗು ವಿಶ್ವವಿದ್ಯಾಲಯ ಬೇರೆಯಾಯಿತು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದು ಅಂತ ಹೇಳಿತು, ಅದರಲ್ಲಿ ಕೊಡಗಿನದೂ ಒಂದು. ಹಣ ಸಾಲದು ಅನ್ನುವುದು ಒಂದು ಕಡೆ, ಮಂಗಳೂರು ದೂರ ಅನ್ನುವುದು ಇನ್ನೊಂದು ಕಡೆ.

ಗುಣಮಟ್ಟದ ಬಗ್ಗೆ ಚಿಕ್ಕದಾಗಿ. ನ್ಯಾಕ್ ಇರುವುದು ಬೆಂಗಳೂರಿನ ನಾಗರಬಾವಿಯಲ್ಲಿ. ಹಲವು ವರ್ಷ ನಡೆದುಬಂದ ಶ್ರೇಣಿ ಪದ್ಧತಿಯಲ್ಲಿ ಏಳು ಮಾನದಂಡ, ಒಟ್ಟು ನಾಲ್ಕರಲ್ಲಿ ಅಂಕ, 3.51 ಅಥವಾ ಅದಕ್ಕಿಂತ ಮೇಲೆ ಬಂದರೆ ಎ ಡಬಲ್ ಪ್ಲಸ್. ಐದನೇ ಮಾನದಂಡದ ಹೆಸರು ವಿದ್ಯಾರ್ಥಿ ಬೆಂಬಲ ಮತ್ತು ಪ್ರಗತಿ, ಅದನ್ನು ಗುರುತು ಹಾಕಿಕೊಳ್ಳಿ. ತಂಡ ಬರುವ ವಾರ ಗೋಡೆಗೆ ಬಣ್ಣ, ಅಂಗಳಕ್ಕೆ ಹೂಕುಂಡ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಪಾಠದ ಭಾರ ಮಾತ್ರ ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಅವರ ಗುತ್ತಿಗೆ ತಡವಾದರೆ ಪಾಠವೂ ತಡ.

ಬಿಟ್ಟು ಹೋಗುವುದು, ಮತ್ತೆ ಬರುವುದು

ಡಿಗ್ರಿ ಮೊದಲ ವರ್ಷ ನನ್ನ ಪಕ್ಕ ಕೂರುತ್ತಿದ್ದವಳು ಕಾಫಿ ತೋಟದ ಲೈನ್ ಮನೆಯಿಂದ, ಅಂದರೆ ಕಾರ್ಮಿಕರ ಸಾಲು ಮನೆಯಿಂದ ಬರುತ್ತಿದ್ದಳು. ಓದಿನಲ್ಲಿ ನನಗಿಂತ ಚುರುಕು. ಮಳೆಗಾಲದಲ್ಲಿ ಅವಳಿಗೆ ಬಸ್ಸು ತಪ್ಪುತ್ತಿತ್ತು. ಮಳೆ ಜೋರಾದಾಗ ರಜೆ ಎಷ್ಟೋ ಸಲ ಶಾಲೆಗೆ, ಪಿಯುಸಿಗೆ ಮಾತ್ರ ಸಿಗುತ್ತದೆ, ನಮಗೆ ಕ್ಲಾಸ್ ಇರುತ್ತದೆ. ಜನವರಿಯಲ್ಲಿ ಕಾಫಿ ಕುಯ್ಲು ಶುರುವಾಯಿತು, ಮನೆಯವರ ಜೊತೆ ಅವಳೂ ತೋಟಕ್ಕೆ ಇಳಿದಳು. ಹಾಜರಾತಿ 75 ಶೇಕಡಾಕ್ಕಿಂತ ಕೆಳಗೆ ಬಂತು. ಕಾಲೇಜಿನಲ್ಲಿ ಯಾಕಮ್ಮಾ ಬರಲಿಲ್ಲ ಅಂತ ಯಾರೂ ಕೇಳಲಿಲ್ಲ, ಸೂಚನಾ ಫಲಕದಲ್ಲಿ ಪಟ್ಟಿ ಹಾಕಿದರು. ಅವಳು ಬಂದದ್ದು ಟಿಸಿ ತೆಗೆದುಕೊಳ್ಳಲು.

ಇಂಥವರಿಗಾಗಿಯೇ 2020ರ ನೀತಿಯಲ್ಲಿ ಬಹು ಪ್ರವೇಶ, ಬಹು ನಿರ್ಗಮನ ಅನ್ನುವ ವ್ಯವಸ್ಥೆ ಇದೆ. ಒಂದು ವರ್ಷ ಮುಗಿಸಿದರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. 2022ರ ಡಿಸೆಂಬರಿನ ಯುಜಿಸಿ ಚೌಕಟ್ಟಿನಲ್ಲಿ ಮೂರು ವರ್ಷಕ್ಕೆ 120 ಕ್ರೆಡಿಟ್ (ಕೋರ್ಸ್ ಮುಗಿಸಿದಾಗ, ಪಾಠದ ಗಂಟೆಗಳ ಲೆಕ್ಕದಲ್ಲಿ ಖಾತೆಗೆ ಸೇರುವ ಅಂಕ), ನಾಲ್ಕಕ್ಕೆ 160. ಮೊದಲ ವರ್ಷಕ್ಕೆ ಹೊರಟವರಿಗೆ 40 ಕ್ರೆಡಿಟ್ ಸಾಲದು, ಬೇಸಿಗೆ ರಜೆಯಲ್ಲಿ 4 ಕ್ರೆಡಿಟ್‌ನ ವೃತ್ತಿ ಕೋರ್ಸೂ ಮಾಡಿರಬೇಕು. ಮೂರು ವರ್ಷದೊಳಗೆ ಮರಳಿ ಬರಬಹುದು, ಒಟ್ಟು ಏಳು ವರ್ಷದೊಳಗೆ ಮುಗಿಸಬೇಕು. ಗಳಿಸಿದ ಕ್ರೆಡಿಟ್ ಇಡುವ ಖಾತೆಗೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಹೆಸರು, ನಿಯಮ ಬಂದದ್ದು 2021ರಲ್ಲಿ.

ಕಾಗದದ ಮೇಲೆ ಇದು ನನಗೆ ಇಷ್ಟ. "ಅರ್ಧಕ್ಕೆ ಬಿಟ್ಟವಳು" ಅನ್ನುವ ಮಾತಿನ ಬದಲು ಕೈಯಲ್ಲಿ ಒಂದು ಕಾಗದ ಇರುತ್ತದೆ. ಆದರೆ ನನ್ನ ಗೆಳತಿ ಬಿಟ್ಟದ್ದು ಕ್ರೆಡಿಟ್ ಇಡಲು ಜಾಗ ಇಲ್ಲದೆ ಅಲ್ಲ. ಬಸ್ಸು, ಕುಯ್ಲು, ಹಾಜರಾತಿ, ಕೇಳುವವರಿಲ್ಲದ್ದು. ಹೊರಗೆ ಹೋಗುವ ಬಾಗಿಲು ಮೊದಲೂ ತೆರೆದೇ ಇತ್ತು. ಮರಳಿ ಬರುವವರಿಗೆ ಹಾಸ್ಟೆಲ್ ಸಿಗುತ್ತದೆಯೇ, ವಿದ್ಯಾರ್ಥಿವೇತನ ಮತ್ತೆ ಶುರುವಾಗುತ್ತದೆಯೇ ಅನ್ನುವುದೇ ನಿಜವಾದ ಪ್ರಶ್ನೆ. ಕೇಂದ್ರದ ಪ್ರತಿಭಾ ವಿದ್ಯಾರ್ಥಿವೇತನ ನೋಡಿ: ಡಿಗ್ರಿಗೆ ವರ್ಷಕ್ಕೆ 12,000 ರೂಪಾಯಿ, ನವೀಕರಣಕ್ಕೆ 50 ಶೇಕಡಾ ಅಂಕ, 75 ಶೇಕಡಾ ಹಾಜರಾತಿ ಬೇಕು. ಹಾಜರಾತಿ ಬಿದ್ದವಳಿಗೇ ದುಡ್ಡೂ ನಿಲ್ಲುತ್ತದೆ.

ಕರ್ನಾಟಕದ್ದು ಪ್ರತ್ಯೇಕ ನೆನಪಿಡಿ. 2021ರ ಆಗಸ್ಟಿನಲ್ಲಿ 2020ರ ರಾಷ್ಟ್ರೀಯ ನೀತಿಯ ಜಾರಿಗೆ ದೇಶದಲ್ಲೇ ಮೊದಲು ಆದೇಶ ಹೊರಡಿಸಿದ ರಾಜ್ಯ ನಮ್ಮದು. 2023ರ ಅಕ್ಟೋಬರಿನಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು. ಅದರ ಮಧ್ಯಂತರ ವರದಿಯ ಮೇಲೆ 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷ. ಹಾಗಾಗಿ ಪ್ರಶ್ನೆಯಲ್ಲಿ "ರಾಷ್ಟ್ರೀಯ ನೀತಿಯ ಪ್ರಕಾರ" ಅಂತ ಇದೆಯೋ "ಕರ್ನಾಟಕದಲ್ಲಿ" ಅಂತ ಇದೆಯೋ ಎರಡು ಸಲ ಓದಿ ಉತ್ತರಿಸಿ.

ಮುಂದಿನ ಭಾನುವಾರಕ್ಕೆ ಒಂದು ಲೆಕ್ಕ. ಅದೇ ಅರವತ್ತು ಜನರ ಊರು, ಮೂರು ವರ್ಷದ ಡಿಗ್ರಿ. ಈ ಸಲ ಹತ್ತರಲ್ಲಿ ಆರು ಜನ ಸೇರುತ್ತಾರೆ, ಇಬ್ಬರು ಮೊದಲ ವರ್ಷ ಮುಗಿಸಿ ಬಿಡುತ್ತಾರೆ. ಅನುಪಾತ ಎಷ್ಟು? ಆ ಇಬ್ಬರೂ ಎರಡು ವರ್ಷದ ನಂತರ ಮರಳಿ ಬಂದು ಡಿಗ್ರಿ ಮುಗಿಸಿದರೆ ಎಷ್ಟು? ಎರಡನೇ ಉತ್ತರ 30 ಬರದಿದ್ದರೆ ಮತ್ತೆ ಮೊದಲಿನಿಂದ ಎಣಿಸಿ.