ಪದ ಪರಿಚಯ: ‘ಸ್ಟೇಟ್ ಕಾಲೇಜು’

ಪೆನ್ ಸ್ಟೇಟ್, ಮಿಷಿಗನ್ ಸ್ಟೇಟ್, ಅಯೋವಾ ಸ್ಟೇಟ್. ಅಮೆರಿಕಕ್ಕೆ ಓದಲು ಹೋಗುವ ನಮ್ಮ ಮಕ್ಕಳ ಬಾಯಲ್ಲಿ ಈ ಹೆಸರುಗಳನ್ನು ಕೇಳಿರುತ್ತೀರಿ. ಈ ಮೂರೂ ಶುರುವಾಗಿದ್ದು ಬೇಸಾಯ ಕಲಿಸುವ ಜಾಗಗಳಾಗಿ. ಹೆಸರಿನಲ್ಲಿರುವ ‘ಸ್ಟೇಟ್’ ಅಂದರೆ ರಾಜ್ಯ. ರಾಜ್ಯದ ಶಾಸನಸಭೆ ಕಾಯ್ದೆ ಮಾಡಿ ನಡೆಸುವ, ರಾಜ್ಯದ ಜನರಿಗೆ ಸೇರಿದ ಕಾಲೇಜು ‘ಸ್ಟೇಟ್ ಕಾಲೇಜು’. ನಮ್ಮ ಪತ್ರಿಕೆಗಳು ‘ಮೇಲ್ದರ್ಜೆಗೆ ಏರಿಸಲಾಗಿದೆ’ ಎಂದು ಒಂದೇ ಸಾಲಲ್ಲಿ ಬರೆಯುತ್ತವಲ್ಲ, ಆ ಕೆಲಸದ ಹಿಂದೆ ಎಷ್ಟು ಜಗ್ಗಾಟ ಇರುತ್ತದೆ ಎಂದು ನೋಡಲು ಕನೆಕ್ಟಿಕಟ್ ರಾಜ್ಯದ ಒಂದು ಶಾಲೆ ಸಾಕು.

ಆ ಶಾಲೆಯ ಹೆಸರು ಸ್ಟೋರ್ಸ್ ಅಗ್ರಿಕಲ್ಚರಲ್ ಸ್ಕೂಲ್. ಚಾರ್ಲ್ಸ್ ಮತ್ತು ಅಗಸ್ಟಸ್ ಸ್ಟೋರ್ಸ್ ಎಂಬ ಅಣ್ಣತಮ್ಮಂದಿರು 170 ಎಕರೆ ಜಮೀನು ಮತ್ತು ಒಂದಿಷ್ಟು ಹಣ ಕೊಟ್ಟರು. 1881ರಲ್ಲಿ ಶಾಲೆ ಶುರುವಾಯಿತು. ಮೊದಲು ಅಲ್ಲಿದ್ದದ್ದು ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತ ಸೈನಿಕರ ಮಕ್ಕಳ ಅನಾಥಾಲಯ. ಅದೇ ಕಟ್ಟಡದಲ್ಲಿ ರೈತರ ಹುಡುಗರು ಪಾಠ ಕಲಿತರು, ಹೊಲದ ಕೆಲಸವನ್ನೂ ಕಲಿತರು.

ಈ ಹೊತ್ತಿಗೆ ಬೇಸಾಯದ ಓದಿಗಾಗಿ ಬಂದ ದುಡ್ಡು ಬೇರೆ ಕಡೆ ಇತ್ತು. 1862ರಲ್ಲಿ ಅಮೆರಿಕದ ಸಂಸತ್ತು ಮೊರಿಲ್ ಕಾಯ್ದೆ ತಂದಿತ್ತು. ಒಂದು ರಾಜ್ಯಕ್ಕೆ ಸಂಸತ್ತಿನಲ್ಲಿ ಎಷ್ಟು ಸದಸ್ಯರೋ ಅಷ್ಟು ಸಲ 30,000 ಎಕರೆ ಜಮೀನು. ಅದನ್ನು ಮಾರಿ ಬಂದ ಹಣದ ಬಡ್ಡಿಯಲ್ಲಿ ಬೇಸಾಯ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜು ನಡೆಸಬೇಕು. ‘ಲ್ಯಾಂಡ್ ಗ್ರಾಂಟ್ ಕಾಲೇಜು’ ಎಂಬ ಮಾತು ಬಂದಿದ್ದು ಇಲ್ಲಿಂದ. ಆರು ಸದಸ್ಯರಿದ್ದ ಕನೆಕ್ಟಿಕಟ್‌ಗೆ 1,80,000 ಎಕರೆಯ ಹಕ್ಕು ಸಿಕ್ಕಿತು. ಆ ಜಮೀನು ಕನೆಕ್ಟಿಕಟ್‌ನಲ್ಲಿ ಇರಲೇ ಇಲ್ಲ. ಮೂಲನಿವಾಸಿಗಳಿಂದ ಕಿತ್ತುಕೊಂಡ ದೂರದ ನೆಲ ಅದು. ಇದನ್ನು ಹೇಳದೆ ಲ್ಯಾಂಡ್ ಗ್ರಾಂಟ್ ಪದದ ಅರ್ಥ ಹೇಳಿದರೆ ಅರ್ಧ ಹೇಳಿದ ಹಾಗೆ. ಹಕ್ಕನ್ನು ಮಾರಿ 1,35,000 ಡಾಲರ್ ಬಂತು. ಅದರ ಬಡ್ಡಿ ಹೋಗಿದ್ದು ಅದೇ ರಾಜ್ಯದ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನ ಶಾಲೆಗೆ.

ರೈತರಿಗೆ ಸಿಟ್ಟು ಬಂತು. ಯೇಲ್ ಪ್ರವೇಶ ಪರೀಕ್ಷೆ ಹಳ್ಳಿ ಶಾಲೆಯಲ್ಲಿ ಓದಿದ ಹುಡುಗನ ಕೈಗೆಟುಕುವಂಥದ್ದಲ್ಲ. ನಮ್ಮ ಹೆಸರಲ್ಲಿ ಬಂದ ದುಡ್ಡು, ನಮ್ಮ ಮಕ್ಕಳಿಗೇ ಸಿಗದಿದ್ದರೆ ಹೇಗೆ? ಗ್ರೇಂಜ್ ಎಂಬ ರೈತರ ಸಂಘಟನೆ ಇದನ್ನೇ ಪಟ್ಟು ಹಿಡಿದು ಕೇಳಿತು. ಕೊನೆಗೆ 1893ರಲ್ಲಿ ಶಾಸನಸಭೆ ಶಾಲೆಯನ್ನು ಸ್ಟೋರ್ಸ್ ಅಗ್ರಿಕಲ್ಚರಲ್ ಕಾಲೇಜು ಮಾಡಿ, ಲ್ಯಾಂಡ್ ಗ್ರಾಂಟ್ ಹಣವನ್ನು ಯೇಲ್‌ನಿಂದ ಬಿಡಿಸಿ ಇದಕ್ಕೆ ಕೊಟ್ಟಿತು. ಯೇಲ್ ಕೋರ್ಟಿಗೆ ಹೋಗಿ 1,50,000 ಡಾಲರಿಗಿಂತ ಜಾಸ್ತಿ ಪರಿಹಾರ ಪಡೆಯಿತು. ರಾಜ್ಯ ಅಷ್ಟು ತೆತ್ತರೂ ಕಾಲೇಜು ಉಳಿಯಿತು. 1893ರಿಂದಲೇ ಹೆಣ್ಣುಮಕ್ಕಳಿಗೂ ಅಧಿಕೃತವಾಗಿ ಪ್ರವೇಶ ಸಿಕ್ಕಿತು. ಅದಕ್ಕೂ ಮುಂಚೆ ಕೆಲವರು ಬಂದು ಪಾಠ ಕೇಳುತ್ತಿದ್ದರು, ಆದರೆ ದಾಖಲೆಯಲ್ಲಿ ಅವರು ವಿದ್ಯಾರ್ಥಿಗಳಾಗಿರಲಿಲ್ಲ. ನನಗೆ ಈ ಕಾಯ್ದೆಯಲ್ಲಿ ತುಂಬ ಹಿಡಿಸುವ ಭಾಗ ಇದು.

ಆಮೇಲೆ ಬೋರ್ಡಿನ ಮೇಲಿನ ಪದಗಳು ಒಂದೊಂದೇ ಬದಲಾದವು. 1899ರಲ್ಲಿ ‘ಸ್ಟೋರ್ಸ್’ ಹೋಗಿ ‘ಕನೆಕ್ಟಿಕಟ್’ ಬಂತು, ಅಂದರೆ ದಾನಿಗಳ ಹೆಸರಿನ ಜಾಗಕ್ಕೆ ರಾಜ್ಯದ ಹೆಸರು. 1933ರಲ್ಲಿ ‘ಅಗ್ರಿಕಲ್ಚರಲ್’ ಹೋಗಿ ‘ಸ್ಟೇಟ್’ ಬಂತು. ಬೇಸಾಯ ಮಾತ್ರವಲ್ಲ, ಬೇರೆ ವಿಷಯಗಳನ್ನೂ ಕಲಿಸುವ ಕಾಲೇಜು ಎಂದು ಹೆಸರೇ ಹೇಳತೊಡಗಿತು. ಇದರಿಂದ ಆಟಗಾರರಿಗೆ ಒಂದು ತೊಡಕಾಯಿತು. ಅವರ ತಂಡಕ್ಕೆ ‘ಆಗೀಸ್’ ಎಂಬ ಹೆಸರಿತ್ತು. ಅಗ್ರಿಕಲ್ಚರಲ್ ಪದವೇ ಹೋದ ಮೇಲೆ ಆಗೀಸ್ ಹೇಗೆ ಉಳಿಯುತ್ತದೆ? ವಿದ್ಯಾರ್ಥಿಗಳು ಹಸ್ಕಿ ನಾಯಿಯನ್ನು ಗುರುತಾಗಿ ಆರಿಸಿಕೊಂಡರು. ಮೊದಲ ನಾಯಿಗೆ ಇಟ್ಟ ಹೆಸರು ಜೊನಾಥನ್. 1939ರಲ್ಲಿ ‘ಸ್ಟೇಟ್ ಕಾಲೇಜು’ ಹೋಗಿ ‘ಯುನಿವರ್ಸಿಟಿ ಆಫ್ ಕನೆಕ್ಟಿಕಟ್’ ಆಯಿತು. ಈಗ ಚುಟುಕಾಗಿ ಯುಕಾನ್ ಎನ್ನುವುದು ಅದನ್ನೇ.

ಇಂಥದ್ದೇ ದಾರಿ ನಮ್ಮ ಬೆಂಗಳೂರಿನ ಹೆಬ್ಬಾಳದ್ದೂ ಅಲ್ವಾ? 1899ರಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಬೇಸಾಯದ ಪ್ರಯೋಗಕ್ಕೆ 30 ಎಕರೆ ಕೊಟ್ಟರು. 1913ರಲ್ಲಿ ಅಲ್ಲಿ ಕೃಷಿ ಶಾಲೆ, 1946ರಲ್ಲಿ ಕೃಷಿ ಕಾಲೇಜು. 1963ರ ಕಾಯ್ದೆಯ ಮೇಲೆ ಮರುವರ್ಷ ಕೃಷಿ ವಿಶ್ವವಿದ್ಯಾನಿಲಯ. ಅದನ್ನು ಕಟ್ಟುವಾಗ ಲ್ಯಾಂಡ್ ಗ್ರಾಂಟ್ ಕಾಲೇಜುಗಳ ಮಾದರಿಯನ್ನೇ ಇಟ್ಟುಕೊಂಡರು. ಅಂಥದ್ದೇ ಆದ ಟೆನೆಸ್ಸಿ ವಿಶ್ವವಿದ್ಯಾಲಯ ಕೈಜೋಡಿಸಿತು. ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕು ಎಂಬುದು ಆ ಮಾದರಿಯ ತಿರುಳು. ‘ವಿಸ್ತರಣೆ’ ಅಂದರೆ ಕಲಿತದ್ದನ್ನು ರೈತರಿಗೆ ಮುಟ್ಟಿಸುವುದು. ಈ ವಿಶ್ವವಿದ್ಯಾನಿಲಯದ ಆವರಣವಾದ ಜಿಕೆವಿಕೆಯ ಕೃಷಿ ಮೇಳದಲ್ಲಿ ಹೊಸ ತಳಿಯ ರಾಗಿ ತೆನೆಯನ್ನು ಅಂಗೈ ಮೇಲಿಟ್ಟು ಉಜ್ಜಿ, ಕಾಳು ನೋಡಿ, ‘ಇದಕ್ಕೆ ನೀರು ಎಷ್ಟು ಬೇಕು ಸಾರ್?’ ಎಂದು ಕೇಳುವ ರೈತರನ್ನು ಅಲ್ಲಿ ಕಾಣಬಹುದು.