ಅಡುಗೆಮನೆ ನೆಲದಲ್ಲಿ ನೀರು: ಪೈಪಿನದ್ದೋ, ಮಣ್ಣಿನದ್ದೋ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮುರಕಲ್ಲಿನ ಮನೆ. ಕಟ್ಟಿ 18 ವರ್ಷ ಆಯಿತು. ಜೂನ್ ಕೊನೆಯಿಂದ ಅಡುಗೆಮನೆಯಲ್ಲಿ ಸಿಂಕಿನ ಎದುರು ಎರಡು ಮೂರು ಟೈಲ್ಸ್‌ಗಳ ಸಂದಿಯಿಂದ ನೀರು ಜಿನುಗುತ್ತಿದೆ. ಒರೆಸಿದರೆ ಗಂಟೆಯೊಳಗೆ ಮತ್ತೆ ಒದ್ದೆ. ನೆಲದಡಿಯ ಪೈಪ್ ಲೀಕ್ ಇರಬೇಕು, ಟೈಲ್ಸ್ ಎಬ್ಬಿಸಿ ನೋಡೋಣ ಎನ್ನುತ್ತಾರೆ ಪ್ಲಂಬರ್. ಒಡೆಸಲೇಬೇಕಾ?

ಉತ್ತರ: ಈಗಲೇ ಬೇಡ. ಎರಡು ಮೂರು ದಿನ ತಡೆಯಿರಿ.

ಹೀಗೆ ಹೇಳಲು ಕಾರಣ ನಮ್ಮ ಮನೆಯ ಅಡುಗೆಕೋಣೆಯಲ್ಲೇ ಇದೆ. ಒಂದು ಜುಲೈಯಲ್ಲಿ ನಿಮ್ಮ ಹಾಗೇ ನೀರು ಕಂಡು, ಗಡಿಬಿಡಿಯಲ್ಲಿ ಆರು ಟೈಲ್ಸ್ ಎಬ್ಬಿಸಿದೆವು. ಒಂದಡಿ ಆಳಕ್ಕೆ ಅಗೆದರೆ ಪೈಪ್ ಗಟ್ಟಿಯಾಗಿತ್ತು, ಜಾಯಿಂಟಿನಲ್ಲಿ ಹನಿ ನೀರಿಲ್ಲ. ರಾತ್ರಿ ಟ್ಯಾಂಕಿನ ವಾಲ್ವ್ ಬಂದ್ ಮಾಡಿ ಮಲಗಿದೆವು. ಬೆಳಿಗ್ಗೆ ನೋಡಿದರೆ ಗುಂಡಿಯಲ್ಲಿ ತಿಳಿನೀರು ತುಂಬಿತ್ತು. "ಅಕ್ಕಾ, ನಾವು ಸುರಂಗ ತೋಡಿದ ಹಾಗಾಯ್ತು" ಎಂದು ಪ್ಲಂಬರ್ ನಕ್ಕರು. ಅದೇ ಡಿಸೈನಿನ ಟೈಲ್ಸ್ ಅಂಗಡಿಯಲ್ಲಿ ಸಿಗಲಿಲ್ಲ. ಆ ಆರು ಟೈಲ್ಸ್ ಇವತ್ತಿಗೂ ಬೇರೆ ಬಣ್ಣದವು, ಮೇಲೊಂದು ಚಾಪೆ.

ಅವರು ತಮಾಷೆಗೆ ಹೇಳಿದ್ದರೂ ವಿಷಯ ಅದೇ. ಬಾಯಾರು ಕಡೆ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುತ್ತಾರಲ್ಲ, ಆ ನೀರು ಬರುವುದು ಎಲ್ಲಿಂದ? ಮುರಕಲ್ಲು ತೂತು ತೂತಾದ ಕಲ್ಲು. ಮಳೆನೀರು ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಕೆಳಗೆ ಶೇಡಿ, ಅಂದರೆ ಜೇಡಿಯಂಥ ಮಣ್ಣು ಸಿಕ್ಕಿದಲ್ಲಿ ಮುಂದೆ ಇಳಿಯಲಾಗದೆ ಅಡ್ಡಕ್ಕೆ ಹರಿಯುತ್ತದೆ. ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲಿ ಮನೆ ಇದ್ದರೆ, ಹಿಂದೆ ಬರೆ (ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ) ಇದ್ದರೆ, ಆ ಒಸರು ಅಡುಗೆಮನೆಯ ಅಡಿಗೇ ಬರಬಹುದು. ನಮ್ಮ ಕಡೆ ಅಡುಗೆಮನೆ, ವರ್ಕ್ ಏರಿಯಾ ಎಲ್ಲ ಹಿಂಬದಿಯಲ್ಲೇ ಇರುವುದು, ಅಲ್ವಾ?

ಹಾಗಂತ ನಿಮ್ಮದೂ ಒಸರೇ ಎಂದು ನಾನು ಇಲ್ಲಿ ಕೂತು ಹೇಳಲಾರೆ. ನಲ್ಲಿಗೆ ಹೋಗುವ ಪೈಪ್ ಇರಬಹುದು, ಸಿಂಕಿನ ವೇಸ್ಟ್ ಪೈಪ್ ಇರಬಹುದು. ಬರೀ ಗಾಳಿಯ ತೇವವೂ ಇರಬಹುದು. ಮಳೆ ಹಿಡಿದ ದಿನಗಳಲ್ಲಿ ತಣ್ಣನೆಯ ಟೈಲ್ಸ್ ಮೇಲೆ ನೀರು ಕೂರುತ್ತದೆ, ನೆಲ ಬೆವರಿದ ಹಾಗೆ. ಈ ಕೊನೆಯದನ್ನು ಮೊದಲು ತಳ್ಳಿಹಾಕಿ. ನೆಲ ಒರೆಸಿ, ಫ್ಯಾನ್ ಹಾಕಿ ಒಣಗಿಸಿ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸಂದಿಯ ಮೇಲೆ ಹಾಸಿ, ನಾಲ್ಕೂ ಬದಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಮೇಲೆ ಮಾತ್ರ ಹನಿ ಕೂತಿದ್ದರೆ ಅದು ಗಾಳಿಯದ್ದು. ಅಡಿಯಲ್ಲಿ ಒದ್ದೆ ಇದ್ದರೆ ನೀರು ಕೆಳಗಿಂದ ಬರುತ್ತಿದೆ. ಗಂಟೆಯೊಳಗೆ ಮತ್ತೆ ಒದ್ದೆಯಾಗುತ್ತದೆ, ಅದೂ ಸಂದಿಯಿಂದಲೇ ಎಂದಿದ್ದೀರಿ. ನಿಮ್ಮದು ಹೆಚ್ಚಾಗಿ ಕೆಳಗಿನ ನೀರೇ.

ಮುಂದಿನದು ಟ್ಯಾಂಕಿನ ಪರೀಕ್ಷೆ. ನನ್ನ ಪ್ರಕಾರ ಇದೇ ಮುಖ್ಯ, ಮತ್ತೆ ಇದಕ್ಕೆ ಖರ್ಚು ಸೊನ್ನೆ. ರಾತ್ರಿ ಎಲ್ಲರ ಕೆಲಸ ಮುಗಿದ ಮೇಲೆ ತಾರಸಿಗೆ ಹೋಗಿ. ಒಣಗಿದ ಕೋಲೊಂದನ್ನು ಟ್ಯಾಂಕಿನ ತಳಕ್ಕೆ ಮುಟ್ಟಿಸಿ ಎತ್ತಿ, ಒದ್ದೆಯಾದ ಗೆರೆಗೆ ಪೆನ್ನಿನಿಂದ ಗುರುತು ಹಾಕಿ. ಮಳೆನೀರು ಒಳಗೆ ಬೀಳದ ಹಾಗೆ ಮುಚ್ಚಳ ಸರಿ ಮಾಡಿ. ರಾತ್ರಿ ಯಾರೂ ನಲ್ಲಿ ತಿರುಗಿಸಬಾರದು. ಬಚ್ಚಲಲ್ಲಿ ಮೊದಲೇ ಬಕೆಟ್ ತುಂಬಿಸಿಡಿ. ಬೆಳಿಗ್ಗೆ ಮೋಟಾರ್ ಹಾಕುವ ಮೊದಲು ಅದೇ ಕೋಲು ಇಳಿಸಿ ನೋಡಿ. 1 ಮೀಟರ್ ಅಗಲದ ದುಂಡು ಟ್ಯಾಂಕಿನಲ್ಲಿ 1 ಸೆಂಟಿಮೀಟರ್ ಇಳಿದರೆ ಸುಮಾರು 8 ಲೀಟರ್ ಹೋಗಿದೆ ಎಂದರ್ಥ. ಇಳಿದೇ ಇಲ್ಲ ಅಂದರೆ ನಲ್ಲಿಯ ಲೈನಿನ ಮೇಲೆ ಸುಮ್ನೆ ಸಂಶಯ ಬೇಡ.

ಇಳಿದಿದ್ದರೂ ಕೂಡಲೇ ನೆಲಕ್ಕೆ ಕೈ ಹಾಕಬೇಡಿ. ಕಕ್ಕಸಿನ ಫ್ಲಶ್ ಟ್ಯಾಂಕ್ ಸೋರಿದರೂ ನೀರು ಸದ್ದಿಲ್ಲದೆ ಹೋಗುತ್ತದೆ. ಅದಕ್ಕೆ ಸ್ವಲ್ಪ ಕುಂಕುಮ ಹಾಕಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೇ ಕೆಳಗೆ ಬಣ್ಣ ಕಂಡರೆ ಕಳ್ಳ ಅಲ್ಲಿದ್ದಾನೆ. ಅದು ಸರಿ ಇದ್ದರೆ, ಮರುದಿನ ರಾತ್ರಿ ಅಡುಗೆಮನೆಗೆ ಹೋಗುವ ಲೈನಿನ ವಾಲ್ವ್ ಮಾತ್ರ ಬಂದ್ ಮಾಡಿ ಕೋಲು ಇಳಿಸಿ. ಈಗ ನೀರು ಇಳಿಯದಿದ್ದರೆ ನಿಮ್ಮ ಪ್ಲಂಬರ್ ಹೇಳಿದ್ದು ಸರಿ.

ಎಲ್ಲರೂ ಮರೆಯುವ ಪೈಪ್ ಒಂದಿದೆ: ಬಾವಿಯಿಂದ ಟ್ಯಾಂಕಿಗೆ ಏರುವ ಲೈನ್. ನಮ್ಮ ಮನೆಗಳಲ್ಲಿ ಬಾವಿ ಅಡುಗೆಮನೆಗೆ ತಾಗಿಕೊಂಡೇ ಇರುವುದರಿಂದ ಆ ಪೈಪ್ ಎಷ್ಟೋ ಸಲ ಅಡುಗೆಮನೆ ಅಡಿಯಲ್ಲೇ ಹೋಗಿರುತ್ತದೆ. ಅದರಲ್ಲಿ ಜೋರು ಒತ್ತಡ ಇರುವುದು ಮೋಟಾರ್ ಓಡುವಾಗ ಮಾತ್ರ. ಹಾಗಾಗಿ ಕೋಲಿನ ಪರೀಕ್ಷೆಗೆ ಅದು ಸಿಕ್ಕಿಬೀಳುವುದಿಲ್ಲ. ಮೋಟಾರ್ ಹಾಕಿದ ಮೇಲೆ ಒದ್ದೆ ಜಾಸ್ತಿಯಾಗುತ್ತದಾ, ಟ್ಯಾಂಕ್ ತುಂಬಲು ಮೊದಲಿಗಿಂತ ಹೆಚ್ಚು ಹೊತ್ತು ಬೇಕಾ ನೋಡಿ. ಈ ಪೈಪ್ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣ) ಆಗಿದ್ದರೆ ಸಂಶಯ ಇನ್ನೂ ಗಟ್ಟಿ. ಮುರಕಲ್ಲು ನೆಲದ ಬಾವಿನೀರು ಸಾಮಾನ್ಯವಾಗಿ ಸ್ವಲ್ಪ ಹುಳಿ ಗುಣದ್ದು, ಕಬ್ಬಿಣವನ್ನು ಒಳಗಿಂದಲೇ ತಿನ್ನುತ್ತದೆ.

ವೇಸ್ಟ್ ಪೈಪ್ ನೋಡುವುದು ಸುಲಭ. ಸಿಂಕಿನ ತೂತು ಮುಚ್ಚಿ ನೀರು ತುಂಬಿಸಿ. ಕೇಸರಿಬಾತಿಗೆ ಹಾಕುವ ಬಣ್ಣ ಒಂದು ಚಿಟಿಕೆ ಕಲಸಿ, ಒಮ್ಮೆಲೇ ಬಿಡಿ. ಒಬ್ಬರು ಹೊರಗೆ ಚೇಂಬರಿನ ಹತ್ತಿರ ನಿಲ್ಲಲಿ, ಒಬ್ಬರು ಟಾರ್ಚ್ ಹಿಡಿದು ಸಿಂಕಿನ ಅಡಿಯಲ್ಲಿ ಕೂರಲಿ. ಸಂದಿಯಲ್ಲಿ ಬಣ್ಣ ಬಂದರೆ ಮುಗಿಯಿತು. ಹೆಚ್ಚಿನ ಸಲ ತಪ್ಪು ನೆಲದಡಿಯಲ್ಲಿ ಇರುವುದೇ ಇಲ್ಲ, ಪೈಪ್ ನೆಲಕ್ಕೆ ಇಳಿಯುವ ಜಾಗದಲ್ಲೇ ಇರುತ್ತದೆ. ಅಲ್ಲಿ ಸೋರಿದ ನೀರು ಟೈಲ್ಸ್ ಅಡಿಯಲ್ಲಿ ಹರಿದು ಮೂರಡಿ ಆಚೆ ಏಳುತ್ತದೆ. ಬೆರಳಿಗೆ ಜಿಡ್ಡು, ಸೋಪಿನ ಜಾರು, ಹಳಸಿದ ವಾಸನೆ ಇದ್ದರೂ ಅದು ವೇಸ್ಟ್ ನೀರೇ.

ಇದನ್ನು ಮಾತ್ರ ಮುಂದೆ ಹಾಕಬೇಡಿ. ಬಾವಿ ಪಕ್ಕದಲ್ಲೇ ಇದೆಯಲ್ಲ! ಕೊಳೆನೀರಿನ ಇಂಗುಗುಂಡಿಗೂ ಬಾವಿಗೂ 7.5 ಮೀಟರ್ ಅಂತರ ಬೇಕು ಎಂದು ಕೇರಳದ ಕಟ್ಟಡ ನಿಯಮ ಹೇಳುವುದು ಸುಮ್ನೆ ಅಲ್ಲ. ನೆಲದಡಿಯಲ್ಲಿ ಸೋರುವ ವೇಸ್ಟ್ ಪೈಪ್ ಅಂದರೆ ಬಾವಿಕಟ್ಟೆಯ ಬುಡದಲ್ಲೇ ಒಂದು ಇಂಗುಗುಂಡಿ. ಸರಿ ಮಾಡಿಸಿ, ನೀರು ಪರೀಕ್ಷೆ ಮಾಡಿಸುವವರೆಗೆ ಕುದಿಸಿಯೇ ಕುಡಿಯಿರಿ. ಇನ್ನೊಂದು: ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಪದೇ ಪದೇ ಬೀಳುತ್ತಿದ್ದರೆ, ಒದ್ದೆ ನೆಲದಲ್ಲಿ ಕಾಲಿಗೆ ಜುಮ್ಮೆಂದರೆ, ಮೇನ್ ಸ್ವಿಚ್ ಆಫ್ ಮಾಡಿ ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಪ್ಲಂಬರ್ ಆಮೇಲೆ.

ಮೇಲಿನ ಯಾವುದರಲ್ಲೂ ತಪ್ಪು ಸಿಗದಿದ್ದರೆ ಬಾವಿಗೆ ಇಣುಕಿ ನೋಡಿ. ನೀರು ಎದ್ದು ನೆಲದ ಮಟ್ಟಕ್ಕೆ ಹತ್ತಿರ ಬಂದಿದೆಯಾ? ಎರಡು ದಿನ ಮಳೆ ಬಿಟ್ಟರೆ ಸಂದಿಯ ಜಿನುಗು ಕಡಿಮೆಯಾಗುತ್ತದಾ? ಹಾಗಿದ್ದರೆ ಅದು ಒಸರು. ಟೈಲ್ಸ್ ಮೇಲೆ ವಾಟರ್‌ಪ್ರೂಫ್ ಬಳಿಯುವುದರಲ್ಲಿ ನನಗೆ ನಂಬಿಕೆ ಇಲ್ಲ. ಈ ಸಂದಿ ಮುಚ್ಚಿದರೆ ಪಕ್ಕದ ಸಂದಿಯಲ್ಲಿ ಏಳುತ್ತದೆ. ನೀರು ಮನೆಗೆ ಬರುವ ಮೊದಲೇ ಹಿತ್ತಿಲಲ್ಲಿ ಕಣಿ (ಚರಂಡಿ) ಮಾಡಿ ಬದಿಗೆ ತಿರುಗಿಸಬೇಕು. ಆದರೆ ಮಳೆಗಾಲದಲ್ಲಿ ಬರೆಯ ಬುಡ ಅಗೆಯಬೇಡಿ, ಜರಿಯುತ್ತದೆ. ಇರುವ ಕಣಿಯ ಮಣ್ಣು, ಕಸ ಎತ್ತಿಸಿ ದೀಪಾವಳಿವರೆಗೆ ಸುಧಾರಿಸಿಕೊಳ್ಳಿ.

ಪೈಪೇ ಸೋರುತ್ತಿದೆ ಎಂದು ಖಾತ್ರಿಯಾದರೂ ನೆಲ ಒಡೆಯುವುದು ಕೊನೆಯ ದಾರಿ. ಫೋನಿನಲ್ಲಿ ತೋರಿಸುವ, ನೆಲಕ್ಕೆ ಕಿವಿಗೊಟ್ಟು ಲೀಕ್ ಹುಡುಕುವ ಯಂತ್ರ ನಮ್ಮಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. 10 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ. ನಮ್ಮ ಟ್ಯಾಂಕ್ ಇರುವುದು ನಾಲ್ಕೈದು ಮೀಟರ್ ಮೇಲೆ. ಅಷ್ಟು ಕಡಿಮೆ ಒತ್ತಡದ ಸೋರಿಕೆಗೆ ಸದ್ದೇ ಇರುವುದಿಲ್ಲ. ಅದರ ಬದಲು ಹಳೆಯ ಲೈನಿಗೆ ಎರಡೂ ಕಡೆ ಎಂಡ್ ಕ್ಯಾಪ್ ಹಾಕಿ ಅಲ್ಲೇ ಬಿಟ್ಟುಬಿಡಿ. ಹೊಸ ಪೈಪನ್ನು ಹೊರಗೋಡೆಯ ಮೇಲಿಂದ ಇಳಿಸಿ ಸಿಂಕಿನ ಹಿಂದೆ ಒಳಗೆ ತನ್ನಿ. ನೋಡಲು ಚಂದ ಇಲ್ಲ, ನಿಜ. ಆದರೆ ಮುಂದಿನ ಸಲ ಸೋರಿದರೆ ಕಣ್ಣಿಗೆ ಕಾಣುತ್ತದೆ.

ಒಡೆಯಲೇಬೇಕಾದರೆ, ಮುಚ್ಚುವ ಮೊದಲು ಗೋಡೆಯಿಂದ ಪೈಪಿಗೆ ಟೇಪ್ ಹಿಡಿದು ಅಳತೆ ಕಾಣುವ ಹಾಗೆ ಫೋಟೋ ತೆಗೆಯಿರಿ. ಪ್ರಿಂಟ್ ಹಾಕಿಸಿ ಮನೆಯ ದಾಖಲೆಪತ್ರದ ಜೊತೆ ಇಡಿ. ನಾವೂ ತೆಗೆದಿದ್ದೆವು. ಆ ಫೋನ್ ಮರುವರ್ಷ ಬಾವಿಗೆ ಬಿತ್ತು.