ಎರಡು ಲೈಬ್ರರಿಗಳನ್ನು ಒಂದು ಮಾಡುವ ಮುನ್ನ

ರಕ್ತದ ಒಂದು ಹನಿಯಲ್ಲಿ ಸಾವಿರಾರು ಬಗೆಯ ಪ್ರೋಟೀನ್‌ಗಳಿರುತ್ತವೆ. ಅದರಲ್ಲಿ ಬೇಕಾದ ಕೆಲವನ್ನು ಮಾತ್ರ ಹುಡುಕಿ ಅಳೆಯುವುದಕ್ಕೆ ಟಾರ್ಗೆಟೆಡ್ ಪ್ರೋಟಿಯೋಮಿಕ್ಸ್ ಅಂತಾರೆ. ಮೊದಲು ಟ್ರಿಪ್ಸಿನ್ ಎಂಬ ಕಿಣ್ವ ಪ್ರೋಟೀನನ್ನು ಪೆಪ್ಟೈಡ್‌ಗಳಾಗಿ ಕತ್ತರಿಸುತ್ತದೆ. ಆಮೇಲೆ ಅಣುಗಳ ತೂಕ ಅಳೆಯುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರ್ ಒಳಗೆ ಪೆಪ್ಟೈಡ್ ಅನಿಲದ ಕಣಗಳಿಗೆ ಡಿಕ್ಕಿ ಹೊಡೆದು ಚೂರಾಗುತ್ತದೆ. ಯಾವ ತೂಕದ ಚೂರು ಎಷ್ಟು ಬಂತು ಅನ್ನುವ ನಕ್ಷೆಯೇ ಸ್ಪೆಕ್ಟ್ರಮ್. ಗುರುತು ಸಿಕ್ಕ ಸ್ಪೆಕ್ಟ್ರಮ್‌ಗಳನ್ನು ಕೂಡಿಟ್ಟರೆ ಅದು ಸ್ಪೆಕ್ಟ್ರಲ್ ಲೈಬ್ರರಿ.

ಒಂದು ಗುಂಪು ಹೃದಯದ ಪ್ರೋಟೀನ್‌ಗಳಿಗೆ, ಇನ್ನೊಂದು ಕಿಡ್ನಿಯವಕ್ಕೆ ಬೇರೆ ಬೇರೆ ಮೆಥಡ್ (ಯಾವ ಪೆಪ್ಟೈಡ್, ಅದರ ಯಾವ ಚೂರು ಅಳೆಯಬೇಕು ಎಂಬ ವಿಧಾನ) ಮಾಡಿಟ್ಟಿದೆ ಅಂದುಕೊಳ್ಳಿ. ಎರಡನ್ನೂ ಸೇರಿಸಿ ಒಂದೇ ಸಲ ಅಳೆದರೆ ಒಳ್ಳೆಯದಲ್ವಾ? ಪೆಪ್ಟೈಡ್ ಪಟ್ಟಿ ಸೇರಿಸುವುದು ನಿಮಿಷದ ಕೆಲಸ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಉಚಿತ ತಂತ್ರಾಂಶ ಸ್ಕೈಲೈನ್‌ನಲ್ಲಿ ಒಂದು ಫೈಲನ್ನು ಇನ್ನೊಂದರೊಳಗೆ ತರಬಹುದು. ಕಷ್ಟ ಇರುವುದು ಅದರ ಹಿಂದಿನ ಲೈಬ್ರರಿಗಳಲ್ಲಿ.

ಒಂದೇ ಪೆಪ್ಟೈಡ್ ಎರಡೂ ಕಡೆ ಇದೆ ಅನ್ನಿ. ಡಿಕ್ಕಿಯ ಶಕ್ತಿ ಕಡಿಮೆ ಇಟ್ಟ ಕಡೆ ಉದ್ದದ ಚೂರು ಎತ್ತರಕ್ಕೆ ಕಾಣುತ್ತದೆ. ಶಕ್ತಿ ಜಾಸ್ತಿ ಇಟ್ಟ ಕಡೆ ಅದೇ ಚೂರು ಮತ್ತೆ ಒಡೆದು, ಸಣ್ಣವು ಮೇಲೆ ಬರುತ್ತವೆ. ಮೆಥಡ್ ಆರಿಸುವುದು ಎತ್ತರದ ಮೂರೋ ನಾಲ್ಕೋ ಚೂರುಗಳನ್ನು. ಲೈಬ್ರರಿ ಬದಲಾದರೆ ಆಯ್ಕೆ ಬದಲಾಗಬಹುದು. ಆಯ್ಕೆ ಬದಲಾದರೆ ನಿನ್ನೆಯ ಅಳತೆಯನ್ನು ಇವತ್ತಿನದಕ್ಕೆ ಸುಮ್ನೆ ಹೋಲಿಸುವ ಹಾಗಿಲ್ಲ. ಅದಕ್ಕೇ ನಾನು ಹೇಳುವುದು, ಪ್ರತಿ ಸ್ಪೆಕ್ಟ್ರಮ್ ಜೊತೆ ಅದು ಯಾವ ಯಂತ್ರದ್ದು, ಯಾವ ಶಕ್ತಿಯಲ್ಲಿ ಸಿಕ್ಕಿದ್ದು ಎಂಬ ವಿವರ ಉಳಿಯಲೇಬೇಕು.

ಮಾರ್ಪಾಡುಗಳ ಕಡೆಗೂ ಕಣ್ಣಿರಲಿ. ಪೆಪ್ಟೈಡಿನಲ್ಲಿರುವ ಮೆಥಿಯೊನಿನ್ ಎಂಬ ಅಮೈನೋ ಆಮ್ಲಕ್ಕೆ ಆಕ್ಸಿಜನ್ ಅಂಟಿದರೆ ತೂಕ ಸುಮಾರು 16 ಡಾಲ್ಟನ್ (ಅಣುಗಳ ತೂಕದ ಮಾನ) ಹೆಚ್ಚುತ್ತದೆ. ಅಮೈನೋ ಆಮ್ಲಗಳನ್ನು ಸೂಚಿಸುವ ಅಕ್ಷರಗಳ ಸಾಲು ಒಂದೇ ಅಂತ ಆಕ್ಸಿಜನ್ ಅಂಟಿದ್ದನ್ನೂ ಅಂಟದ್ದನ್ನೂ ಒಂದಾಗಿಸಿದರೆ ಅಳತೆಯೇ ಕೆಡುತ್ತದೆ.

ಇನ್ನು ತಪ್ಪುಗಳ ಲೆಕ್ಕ. ಇದನ್ನು ಬಹಳ ಜನ ಗಮನಿಸುವುದಿಲ್ಲ. ತಲಾ 10,000 ಪೆಪ್ಟೈಡ್ ಇರುವ ಎರಡು ಲೈಬ್ರರಿ ತಗೊಳ್ಳಿ. ಒಂದೊಂದರಲ್ಲೂ ಶೇಕಡಾ 1 ತಪ್ಪಾಗಿ ಗುರುತಿಸಿದವು, ಅಂದರೆ 100. ಸರಿಯಾದವುಗಳಲ್ಲಿ 8,000 ಎರಡಕ್ಕೂ ಸೇರಿದವು. ಆದರೆ ತಪ್ಪುಗಳು ಬರುವುದು ಆಕಸ್ಮಿಕವಾಗಿ, ಅವು ಒಂದರ ಮೇಲೊಂದು ಕೂರುವುದು ಅಪರೂಪ. ಸೇರಿಸಿದಾಗ ಒಟ್ಟು 12,000, ಅದರಲ್ಲಿ ತಪ್ಪು 200. ಶೇಕಡಾ 1 ಇದ್ದದ್ದು 1.67 ಆಯಿತು! ಮೂರನೆಯದು, ನಾಲ್ಕನೆಯದು ಸೇರಿಸುತ್ತಾ ಹೋದರೆ ಇನ್ನೂ ಏರುತ್ತದೆ. ಆದ್ದರಿಂದ ಸಾಧ್ಯವಾದಷ್ಟೂ ಮೂಲ ದತ್ತಾಂಶವನ್ನು ಒಟ್ಟಿಗೆ ಹುಡುಕಿಸಿ, ತಪ್ಪಿನ ಪ್ರಮಾಣವನ್ನು ಹೊಸದಾಗಿ ಲೆಕ್ಕ ಹಾಕಬೇಕು.

ಯಂತ್ರಕ್ಕೆ ಹೋಗುವ ಮುನ್ನ ಪೆಪ್ಟೈಡ್‌ಗಳನ್ನು ಬೇರ್ಪಡಿಸುವ ಕೊಳವೆಯಿಂದ, ಅಂದರೆ ಕಾಲಮ್‌ನಿಂದ, ಪೆಪ್ಟೈಡ್ ಹೊರಬರುವ ಸಮಯವೂ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬೇರೆ. 2012ರಲ್ಲಿ ಪ್ರಕಟವಾದ ಐಆರ್‌ಟಿ ಪದ್ಧತಿ ಇದಕ್ಕೆ ಒಳ್ಳೆಯ ದಾರಿ. ಗೊತ್ತಿರುವ ಕೆಲವು ಕೃತಕ ಪೆಪ್ಟೈಡ್‌ಗಳನ್ನು ಎಲ್ಲ ಮಾದರಿಗೂ ಬೆರೆಸಿ, ಉಳಿದವುಗಳ ಸಮಯವನ್ನು ಅವುಗಳ ಅಳತೆಗೋಲಲ್ಲಿ ಹೇಳುತ್ತಾರೆ.

ಇಷ್ಟಾದರೂ ಎರಡು ಸ್ಪೆಕ್ಟ್ರಮ್ ಜಗಳವಾಡಿದರೆ ತೀರ್ಪು ಕೊಡಲು ಭಾರದ ಪೆಪ್ಟೈಡ್ ಇದೆ. ಪೆಪ್ಟೈಡಿನ ಕೊನೆಯಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲದಲ್ಲಿ ಭಾರದ ಕಾರ್ಬನ್, ನೈಟ್ರೋಜನ್ ಐಸೋಟೋಪ್ ಇಟ್ಟು ಇದನ್ನು ತಯಾರಿಸುತ್ತಾರೆ. ತೂಕ ಸುಮಾರು 8 ಡಾಲ್ಟನ್ ಹೆಚ್ಚು, ಆದರೆ ಹೊರಬರುವ ಸಮಯ ಅದೇ, ಒಡೆಯುವ ರೀತಿಯೂ ಅದೇ. ಹೊಸ ಮೆಥಡ್ ಓಡುವ ಯಂತ್ರದಲ್ಲೇ, ಅದೇ ಶಕ್ತಿಯಲ್ಲಿ ಅದನ್ನು ಓಡಿಸಿ. ಹಳೆಯ ಎರಡರಲ್ಲಿ ಯಾವುದು ಅದಕ್ಕೆ ಹೊಂದುತ್ತದೋ ಅದನ್ನು ಉಳಿಸಿಕೊಳ್ಳಿ. ಎರಡೂ ಹೊಂದದಿದ್ದರೆ ಈ ಹೊಸ ಸ್ಪೆಕ್ಟ್ರಮನ್ನೇ ಲೈಬ್ರರಿಗೆ ಹಾಕಿ.